ಮಣಿಕೊಂಡದ ಸೆಲ್ಲಾರಿನಲ್ಲೊಂದು ಪುಷ್ಪಕ



ಪ್ರವಾಸ ಲೇಖನವೆಂದರೆ ಹಂಪೆಯೋ ಬಾದಾಮಿಯೋ, ಇಲ್ಲವೇ ನಿಮ್ಮಲ್ಲಿ ಕೆಲವರು ರಜೆಗೆ ಹೋಗಿಬರುವ ಯಾವುದೋ ಪರದೇಶವೋ ಇರಬೇಕೆಂದು ನೀವು ಎಣಿಸುವುದು ಸಹಜ. ನಾನು ನಿಮ್ಮನ್ನು ಅಷ್ಟು ದೂರ ಕರೆದೊಯ್ಯುವುದಿಲ್ಲ. ಹೈದರಾಬಾದಿನ ಪಡುವಣ ಅಂಚಿನ ಮಣಿಕೊಂಡಕ್ಕೆ, ಅಲ್ಲಿಯೂ ಒಂದು ಅಪಾರ್ಟ್‌ಮೆಂಟಿನ ಸೆಲ್ಲಾರಿಗೆ ಕರೆಯುತ್ತಿದ್ದೇನೆ. ಬೇರೆ ಊರಿನವರು ಬೇಸ್‌ಮೆಂಟ್ ಎನ್ನುವುದನ್ನು ನಮ್ಮ ಹೈದರಾಬಾದಿನಲ್ಲಿ ಸೆಲ್ಲಾರ್ ಎನ್ನುತ್ತಾರೆ. ಅಲ್ಲಿ ನೋಡುವಂಥದ್ದೇನಿದೆ ಎಂದು ಮೂಗು ಮುರಿಯಬೇಡಿ. ಆ ಸೆಲ್ಲಾರಿನಿಂದ ಇಟಲಿಯ ಮಿಲಾನ್ ನಗರದವರೆಗೆ ಒಂದು ದಾರಿಯಿದೆ, ಇತ್ತ ಬೀದರಿನವರೆಗೆ ಇನ್ನೊಂದು.

ಮೊದಲು ಊರಿನ ಹೆಸರಿನಿಂದಲೇ ಆರಂಭಿಸೋಣ. ತೆಲುಗಿನಲ್ಲಿ ಕೊಂಡ ಎಂದರೆ ಬೆಟ್ಟ. ಕನ್ನಡದ ಕಿವಿಗೆ ಕೊಂಡ ಎಂದರೆ ಜಾತ್ರೆಯಲ್ಲಿ ಹಾಯುವ ಕೆಂಡದ ಕೊಂಡ; ಇಲ್ಲವೇ ಸಂತೆಯಲ್ಲಿ ದುಡ್ಡು ಕೊಟ್ಟು ಕೊಂಡ ವಸ್ತು. 2009ರಲ್ಲಿ ನಾವು ಈ ಮನೆಗೆ ಬಂದಾಗ ನನ್ನ ಮಗಳು ಚಿಕ್ಕವಳು. "ಅಪ್ಪಾ, ಮಣಿ ಕೊಂಡವರು ಯಾರು?" ಎಂದು ಕೇಳಿದ್ದಳು. ನಾನು ನಗುವ ಬದಲು, ತೆಲುಗಿನ ಕೊಂಡ ಬೇರೆ, ನಮ್ಮ ಕೊಂಡ ಬೇರೆ ಎಂದು ವ್ಯಾಕರಣ ಪಾಠಕ್ಕೆ ಕುಳಿತಿದ್ದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೆಟ್ಟವೆಂದು ಹೆಸರಿದ್ದರೂ ಈಗ ಕಣ್ಣಿಗೆ ಬೀಳುವುದು ಕಟ್ಟಡಗಳೇ. ಒಂದು ಕಡೆ ಪುಪ್ಪಾಲಗೂಡ, ನಾರ್ಸಿಂಗಿ. ಇನ್ನೊಂದು ಕಡೆ ಖಾಜಾಗೂಡದ ಬಂಡೆಗಳು. ನಡುವೆ ಲ್ಯಾಂಕೊ ಹಿಲ್ಸಿನ ಗಗನಚುಂಬಿಗಳು. ಕೆಳಗೆ ನೆಕ್ನಾಂಪುರದ ಕೆರೆ. ದಖ್ಖನ್ನಿನ ಈ ಕಲ್ಲುಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅಷ್ಟು ಕಾಲ ಅಲುಗದೆ ಕೂತಿದ್ದ ಕಲ್ಲುಗಳನ್ನು, 1998ರಲ್ಲಿ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ತೆರೆದ ಮೇಲೆ ಇಪ್ಪತ್ತೇ ವರ್ಷಗಳಲ್ಲಿ ಒಡೆದು ಮನೆ ಕಟ್ಟಿಬಿಟ್ಟೆವು. ಊರೊಳಗೆ ಮರ್ರಿಚೆಟ್ಟು ಎಂಬ ಕೂಡುರಸ್ತೆಯಿದೆ. ಮರ್ರಿಚೆಟ್ಟು ಎಂದರೆ ಆಲದ ಮರ. ಆಟೋದವರಿಗೆ ಬೇರೆ ಯಾವ ಗುರುತೂ ಬೇಡ, ಆ ಹೆಸರು ಹೇಳಿದರೆ ಸಾಕು.

ಪಕ್ಕದಲ್ಲೇ ಹಜರತ್ ಹುಸೇನ್ ಶಾ ವಲಿಯವರ ದರ್ಗಾ ಇದೆ. ಹೈದರಾಬಾದಿಗೆ ಬಂದವರೆಲ್ಲ ನೋಡುವ ಹುಸೇನ್ ಸಾಗರ ಕೆರೆಯನ್ನು ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ, 1562ರ ಸುಮಾರಿಗೆ, ಮುಂದೆ ನಿಂತು ಕಟ್ಟಿಸಿದವರು ಇವರೇ. ಇವರು ನಮ್ಮ ಗುಲಬರ್ಗಾದ ಬಂದೇ ನವಾಜರ ವಂಶದವರೆಂಬುದು ಇಲ್ಲಿ ಪರಂಪರೆಯಿಂದ ಬಂದ ಮಾತು. ಹಾಗಾದರೆ ಕನ್ನಡ ನಾಡಿನ ಕಡೆಯಿಂದ ಬಂದ ಇಂಜಿನಿಯರುಗಳು ಈ ಭಾಗದಲ್ಲಿ ನೆಲೆಸಿದ್ದು ಐ.ಟಿ. ಕಂಪೆನಿಗಳ ಕಾಲದಲ್ಲಲ್ಲ, ನಾಲ್ಕೂವರೆ ಶತಮಾನದ ಹಿಂದೆ! ನಿಮ್ಮ ಕಾಲೇಜಿನಲ್ಲಿ ಯಾರಾದರೂ "ನೀವು ಹೊರಗಿನವರು" ಎಂದರೆ ಇದನ್ನು ಹೇಳಿ. ಇನ್ನೂ ಒಂದು ಮಾತು ಸೇರಿಸಿ. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ 1956ರ ನವೆಂಬರ್ 1ರವರೆಗೆ ಹೈದರಾಬಾದೇ ರಾಜಧಾನಿ. ನಮ್ಮ ಹಿರಿಯರು ಇಲ್ಲಿಗೆ ಬಂದದ್ದು ಪರದೇಶಕ್ಕೆ ಬಂದಂತಲ್ಲ, ತಮ್ಮದೇ ರಾಜಧಾನಿಗೆ ಬಂದಂತೆ.

ಈಗ ಮೆಟ್ಟಿಲಿಳಿದು ಸೆಲ್ಲಾರಿಗೆ ಬನ್ನಿ. ತಲೆ ಜೋಪಾನ, ಪೈಪು ಬಡಿಯುತ್ತದೆ. ಸಾಲಾಗಿ ನಿಂತ ಕಾರುಗಳ ಹಿಂದೆ ಸ್ಕೂಟರುಗಳು. ನೀವೆಲ್ಲ ಓಡಿಸುವಂಥವೇ. ಅವುಗಳಲ್ಲಿ ಚೂಪುಮೂತಿಯ, ಬೈಕಿನಂತೆ ದೊಡ್ಡ ಚಕ್ರಗಳ ಒಂದು ಗಾಡಿ ನನ್ನ ಮಗಳದು. ಎಪ್ರಿಲಿಯಾ ಎಸ್.ಆರ್. 160. ಹೆಸರು ಇಟಲಿಯದು, ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ. ಅದರಾಚೆ, ಕಂಬದ ಹಿಂದೆ, ಹಳೆಯ ಬೆಡ್‌ಶೀಟು ಹೊದ್ದು ನಿಂತಿದೆ ಇನ್ನೊಂದು. ಬೆಡ್‌ಶೀಟು ಎತ್ತಿದರೆ ಧೂಳು, ತುಕ್ಕು, ಮತ್ತು ಅಲ್ಲಲ್ಲಿ ಉಳಿದ ನೀಲಿ ಬಣ್ಣ. ಇದು ನಮ್ಮ ತಂದೆಯವರ ಆಲ್ವಿನ್ ಪುಷ್ಪಕ್. 2003ರಲ್ಲಿ ಕೊನೆಯ ಸಲ ಓಡಿದ್ದು.

ಮೊನ್ನೆ ಅಪಾರ್ಟ್‌ಮೆಂಟಿನ ಕಮಿಟಿಯವರು ನೋಟೀಸು ಅಂಟಿಸಿದರು. ಓಡದ ಗಾಡಿಗಳನ್ನು ತಿಂಗಳೊಳಗೆ ತೆಗೆಯಬೇಕು. ತಪ್ಪೇನಿಲ್ಲ, ಜಾಗ ಎಲ್ಲರದು. ಗುಜರಿಯವನು ಬಂದು ಕೆ.ಜಿ. ಲೆಕ್ಕದಲ್ಲಿ ಬೆಲೆ ಹೇಳಿದ. ನಾನು "ಆಗಲಿ" ಎನ್ನುವುದರಲ್ಲಿದ್ದೆ. ಆಗ ಮಗಳು ತನ್ನ ಗಾಡಿ ನಿಲ್ಲಿಸಿ ಬಂದು, "ವೇಯ್ಟ್, ಇದು ಏನು ಗಾಡಿ? ಎಲ್ಲಿಂದ ಬಂತು?" ಎಂದು ಕೇಳಿದಳು. ಎಷ್ಟೋ ವರ್ಷಗಳ ಮೇಲೆ ಅವಳು ನನ್ನನ್ನು ಕನ್ನಡದಲ್ಲಿ ಕೇಳಿದ ಪ್ರಶ್ನೆ ಅದು. ಗುಜರಿಯವನನ್ನು ನಾಳೆ ಬಾ ಎಂದು ಕಳುಹಿಸಿ, ಆ ರಾತ್ರಿ ಅವಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ.

ಎರಡನೆಯ ಮಹಾಯುದ್ಧದಲ್ಲಿ ಇಟಲಿ ಸೋತು ಸುಣ್ಣವಾಗಿತ್ತು. ವಿಮಾನದ ಇಂಜಿನಿಯರುಗಳಿಗೆ ವಿಮಾನ ಕಟ್ಟುವ ಕೆಲಸವಿಲ್ಲ. ಜನರಿಗೆ ಕೆಲಸಕ್ಕೆ ಹೋಗಲು ವಾಹನವಿಲ್ಲ, ಕಾರು ಕೊಳ್ಳಲು ದುಡ್ಡಿಲ್ಲ. ಈ ಎರಡು ಕೊರತೆಗಳು ಕೂಡಿ ಹುಟ್ಟಿದ್ದು ಸ್ಕೂಟರು. 1946ರಲ್ಲಿ ಪಿಯಾಜಿಯೊ ಕಂಪೆನಿಗಾಗಿ ಕೊರಾಡಿನೊ ದಸ್ಕಾನಿಯೊ ಎಂಬಾತ ವೆಸ್ಪಾ ರಚಿಸಿದ. ಆತ ಹೆಲಿಕಾಪ್ಟರು ರಚಿಸಿದವನು, ಮೋಟಾರ್ ಸೈಕಲ್ ಎಂದರೆ ಆಗದವನು. ಮರುವರ್ಷವೇ, 1947ರಲ್ಲಿ, ಮಿಲಾನಿನ ಲಂಬ್ರಾತೆ ಬಡಾವಣೆಯಲ್ಲಿ ಉಕ್ಕಿನ ಕೊಳವೆ ಮಾಡುತ್ತಿದ್ದ ಫರ್ಡಿನಾಂಡೊ ಇನೊಚೆಂಟಿ ತನ್ನ ಲ್ಯಾಂಬ್ರೆಟ್ಟಾವನ್ನು ಹೊರತಂದ. ರಚನೆ ವಿಮಾನ ತಂತ್ರಜ್ಞರಾದ ಪಲ್ಲವಿಚೀನೊ ಮತ್ತು ತೊರ್ರೆ ಅವರದು. ಬಡಾವಣೆಯ ಪಕ್ಕದಲ್ಲಿ ಹರಿಯುವ ಲಂಬ್ರೊ ಹೊಳೆಯಿಂದ ಆ ಹೆಸರು. ಕೃಷ್ಣೆ, ಕಾವೇರಿ ಎಂದು ನಾವು ಮಕ್ಕಳಿಗೆ ಹೆಸರಿಡುವುದಿಲ್ಲವೇ, ಹಾಗೆ!

ಎರಡರ ಮೈಕಟ್ಟೂ ಬೇರೆ. ವೆಸ್ಪಾದಲ್ಲಿ ಒತ್ತಿ ಬಗ್ಗಿಸಿದ ತಗಡೇ ಮೈ, ತಗಡೇ ಎಲುಬು. ಇಂಜಿನ್ನು ಹಿಂದಿನ ಚಕ್ರದ ಬಲಕ್ಕೆ ಅಂಟಿಕೊಂಡಿರುತ್ತದೆ. ಆದ್ದರಿಂದ ತೂಕ ಒಂದು ಕಡೆ ವಾಲುತ್ತದೆ. ಲ್ಯಾಂಬ್ರೆಟ್ಟಾ ಕೊಳವೆಯವನ ಮಗಳು. ಒಳಗೆ ಉಕ್ಕಿನ ಕೊಳವೆಯ ಬೆನ್ನುಮೂಳೆ, ಮೇಲೆ ಬಿಚ್ಚಿ ತೆಗೆಯಬಹುದಾದ ತಗಡಿನ ಅಂಗಿ, ಇಂಜಿನ್ನು ನಡುಮಧ್ಯದಲ್ಲಿ. ತಿರುವಿನಲ್ಲಿ ಎರಡೂ ಕಡೆಗೆ ಒಂದೇ ಸಮನಾಗಿ ಬಾಗುತ್ತದೆ. ವೇಗದ ಹುಚ್ಚಿನವರಿಗೆ ಇದು ಹಿಡಿಸಿದ್ದು ಆಶ್ಚರ್ಯವಲ್ಲ. 1951ರಲ್ಲಿ ರೊಮೊಲೊ ಫೆರ್ರಿ ಎಂಬ ಸವಾರ, ಗಾಳಿ ಸೀಳುವ ಕವಚ ತೊಡಿಸಿದ 125 ಸಿ.ಸಿ. ಲ್ಯಾಂಬ್ರೆಟ್ಟಾದ ಮೇಲೆ ಜರ್ಮನಿಯ ಹೆದ್ದಾರಿಯಲ್ಲಿ ಗಂಟೆಗೆ 201 ಕಿ.ಮೀ. ವೇಗ ಮುಟ್ಟಿದ. ನಮ್ಮ ಹೊರವರ್ತುಲ ರಸ್ತೆಯಲ್ಲಿ ದೊಡ್ಡ ಕಾರುಗಳೂ ಹೋಗಬಾರದ ವೇಗ ಅದು. ನೀವಂತೂ ಪ್ರಯತ್ನಿಸಬೇಡಿ!

ಇನೊಚೆಂಟಿಯವರು ಅಲ್ಲಿಗೆ ತೃಪ್ತರಾಗಲಿಲ್ಲ. ಮೊದಲ ಗಾಡಿಗೆ ಮೈಮೇಲೆ ಅಂಗಿಯೇ ಇರಲಿಲ್ಲ, ಕಾಲಲ್ಲಿ ಹಾಕುವ ಮೂರೇ ಗೇರು. 1958ರ ಹೊತ್ತಿಗೆ ಎಲ್.ಐ. ಸಾಲು ಬಂತು. ಮಲಗಿದ ಸಿಲಿಂಡರು, ಅದರಿಂದ ಹಿಂದಿನ ಚಕ್ರದವರೆಗೆ ಎಣ್ಣೆಪೆಟ್ಟಿಗೆಯೊಳಗೇ ಓಡುವ ಚೈನು, ಕೈಯಲ್ಲಿ ತಿರುಗಿಸುವ ನಾಲ್ಕು ಗೇರು, ಹತ್ತು ಇಂಚಿನ ಚಕ್ರ. ಚೈನಿಗೆ ಧೂಳಿಲ್ಲ, ಮಳೆಯಿಲ್ಲ. ಜೊತೆಗೇ ಬಂದದ್ದು ಟಿ.ವಿ. 175. ಟಿ.ವಿ. ಎಂದರೆ ನಮ್ಮ ಟೆಲಿವಿಷನ್ ಅಲ್ಲ, ತುರಿಸ್ಮೊ ವೆಲೋಚೆ, ಅಂದರೆ ವೇಗದ ಪ್ರವಾಸಿ. 1962ರಲ್ಲಿ ಅದರ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಕೂಡಿಸಿದರು. ಇಂದು ನಿಮ್ಮ ಗಾಡಿಗಳ ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವ ಡಿಸ್ಕ್ ಬ್ರೇಕು ಸ್ಕೂಟರಿಗೆ ಬಂದು ಅರವತ್ತು ವರ್ಷ ದಾಟಿದೆ ಎನ್ನಿ. 1966ರಲ್ಲಿ ಎಸ್.ಎಕ್ಸ್. 200 ಬಂತು. ಕೊನೆಗೆ 1969ರಲ್ಲಿ ಇಡೀ ಗಾಡಿಗೆ ಹೊಸ ರೂಪ ಕೊಡಲು ಟ್ಯೂರಿನ್ ನಗರದ ಬೆರ್ತೋನೆ ಸಂಸ್ಥೆಯನ್ನು ಕರೆದರು. ಲ್ಯಾಂಬೊರ್ಗಿನಿ ಮಿಯುರಾ ಎಂಬ ಕಾರಿನ ಚಿತ್ರ ನಿಮ್ಮಲ್ಲಿ ಕೆಲವರ ಕೋಣೆಯ ಗೋಡೆಯ ಮೇಲಿರಬಹುದು, ಅದನ್ನು ರೂಪಿಸಿದ ಮನೆಯೇ ಇದು. ಅವರ ಕೈಯಲ್ಲಿ ಲ್ಯಾಂಬ್ರೆಟ್ಟಾದ ಮೈ ತೆಳ್ಳಗಾಯಿತು, ಮುಂಭಾಗ ತಗ್ಗಿತು, ಹೊಳೆಯುವ ಕ್ರೋಮು ಹೋಗಿ ಕಪ್ಪು ರಬ್ಬರು, ಕಪ್ಪು ಪ್ಲಾಸ್ಟಿಕ್ಕು ಬಂತು. ಇಟಲಿಯಲ್ಲಿ ಅದರ ಹೆಸರು ಡಿ.ಎಲ್., ಇಂಗ್ಲೆಂಡಿನಲ್ಲಿ ಜಿ.ಪಿ. ಅಂದರೆ ಗ್ರಾಂ ಪ್ರಿ. 125, 150, 200 ಸಿ.ಸಿ. ಎಂದು ಮೂವರು ಅಕ್ಕತಂಗಿಯರು. ಹಿರಿಯಳು ಗಂಟೆಗೆ ನೂರು ಕಿ.ಮೀ. ದಾಟುವವಳು.

ಗಮನಿಸಿ ಮಿತ್ರರೆ, 1947ರಿಂದ 1969ರವರೆಗಿನ ಈ ಇಪ್ಪತ್ತೆರಡು ವರ್ಷಗಳಲ್ಲಿ ಅವರು ಬದಲಿಸದೆ ಬಿಟ್ಟದ್ದು ಕಡಿಮೆ. ಇಂಜಿನ್ನು ಬದಲಾಯಿತು, ಗೇರು ಬದಲಾಯಿತು, ಚಕ್ರ, ಬ್ರೇಕು, ಅಂಗಿ ಎಲ್ಲವೂ ಬದಲಾದವು. ಆದರೂ ನೋಡಿದವರು "ಇದು ಲ್ಯಾಂಬ್ರೆಟ್ಟಾ" ಎಂದು ಗುರುತು ಹಿಡಿಯುತ್ತಿದ್ದರು. ಕೊಳವೆಯ ಬೆನ್ನುಮೂಳೆ, ನಡುವಿನ ಇಂಜಿನ್ನು, ಇವೆರಡನ್ನು ಮಾತ್ರ ಅವರು ಬಿಡಲಿಲ್ಲ.

ಅಷ್ಟರಲ್ಲಿ ಇಟಲಿಯ ಜನ ಕಾರು ಕೊಳ್ಳುವಷ್ಟು ಅನುಕೂಲವಂತರಾಗಿದ್ದರು. ಇನೊಚೆಂಟಿ 1966ರಲ್ಲಿ ತೀರಿಕೊಂಡರು. ಕಾರ್ಖಾನೆಯಲ್ಲಿ ಕಾರು ತಯಾರಿಕೆ ಮುಂದಾಗಿ ಸ್ಕೂಟರು ಹಿಂದಾಯಿತು. 1971ರಲ್ಲಿ ಲ್ಯಾಂಬ್ರೆಟ್ಟಾ ತಯಾರಿಕೆ ನಿಂತಿತು. ಆಗ ಅದನ್ನು ಕೊಂಡವರು ಯಾರು ಗೊತ್ತೇ? ನಾವು! ಭಾರತ ಸರ್ಕಾರ 1972ರಲ್ಲಿ ಲಖನೌದಲ್ಲಿ ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ ಸ್ಥಾಪಿಸಿ ಯಂತ್ರಗಳು, ಅಚ್ಚುಗಳು, ನಕಾಶೆಗಳು, ಕೊನೆಗೆ ಲ್ಯಾಂಬ್ರೆಟ್ಟಾ ಎಂಬ ಹೆಸರಿನ ಹಕ್ಕನ್ನೂ ಕೊಂಡುಕೊಂಡಿತು. ಮುಂಬಯಿಯಲ್ಲಿ 1950ರ ದಶಕದಿಂದಲೇ ಎ.ಪಿ.ಐ. ಕಂಪೆನಿ ಲ್ಯಾಂಬ್ರೆಟ್ಟಾ ಜೋಡಿಸುತ್ತಿದ್ದುದರಿಂದ ನಮ್ಮವರಿಗೆ ಆ ಹೆಸರು ಹೊಸದಲ್ಲ. ಆದರೆ ಈ ಸಲ ಬಂದದ್ದು ಇಡೀ ಮನೆ, ಬೀಗದ ಕೈ ಸಮೇತ. ಬೆರ್ತೋನೆ ತೊಡಿಸಿದ ಕೊನೆಯ ಅಂಗಿಯಲ್ಲೇ ಆಕೆ ಭಾರತಕ್ಕೆ ಬಂದಳು. 1975ರಿಂದ ಇಲ್ಲಿ ವಿಜಯ್ ಸೂಪರ್ ಎಂಬ ಹೆಸರಿನಿಂದ, ಹೊರದೇಶಗಳಿಗೆ ಲ್ಯಾಂಬ್ರೆಟ್ಟಾ ಎಂಬ ಹೆಸರಿನಿಂದ ಗಾಡಿಗಳು ಹೊರಟವು.

ಲಖನೌದ ಕಾರ್ಖಾನೆ ತನ್ನ ಇಂಜಿನ್ನುಗಳನ್ನು ಬೇರೆ ರಾಜ್ಯಗಳ ಉದ್ಯಮಗಳಿಗೂ ಒದಗಿಸಿತು. ಹೈದರಾಬಾದಿನಲ್ಲಿ ಆ ವಂಶದ ಕುಡಿಯೇ ಆಲ್ವಿನ್ ಪುಷ್ಪಕ್. ಆಲ್ವಿನ್ ಎಂದರೆ ಇಂಗ್ಲಿಷಿನ ಹೆಸರೆಂದುಕೊಳ್ಳಬೇಡಿ. 1942ರಲ್ಲಿ ನಿಜಾಮರ ಕೈಗಾರಿಕಾ ನಿಧಿ ಮತ್ತು ಅಲ್ಲಾವುದ್ದೀನ್ ಕಂಪೆನಿ ಕೂಡಿ ಆರಂಭಿಸಿದ ಕಾರ್ಖಾನೆ ಅದು. ಅಲ್ಲಾವುದ್ದೀನ್ ಎಂಬುದರಿಂದಲೇ ಆಲ್ವಿನ್. ಫ್ರಿಜ್ಜು, ಬಸ್ಸಿನ ಮೈ, ಕೈಗಡಿಯಾರ, ಏನು ಮಾಡಲಿಲ್ಲ ಅವರು? ಮನೆಗಳಲ್ಲಿ ಆಲ್ವಿನ್ ಫ್ರಿಜ್ಜು ಒಂದು ಅಂತಸ್ತು. ಆ ಕಾರ್ಖಾನೆ ಹೋದರೂ ಕೂಕಟ್‌ಪಲ್ಲಿ ಕಡೆ ಆಲ್ವಿನ್ ಕಾಲೋನಿ ಎಂಬ ಹೆಸರು ಉಳಿದಿದೆ. ಪುಷ್ಪಕ್ ಎಂಬ ಹೆಸರೂ ಎಷ್ಟು ಚೆಂದ! ಎಷ್ಟು ಜನ ಹತ್ತಿದರೂ ಪುಷ್ಪಕ ವಿಮಾನದಲ್ಲಿ ಇನ್ನೊಬ್ಬರಿಗೆ ಜಾಗವಿರುತ್ತದಂತೆ. ನಮ್ಮ ಪುಷ್ಪಕದಲ್ಲಿ ಮುಂದೆ ನಾನು ನಿಂತು, ತಂದೆ ಓಡಿಸುತ್ತ, ಹಿಂದೆ ತಾಯಿ, ತಾಯಿಯ ಮಡಿಲಲ್ಲಿ ತಮ್ಮ, ತಮ್ಮನ ಮಡಿಲಲ್ಲಿ ತರಕಾರಿ ಚೀಲ. ಈಗ ಹೀಗೆ ಹೋದರೆ ಪೊಲೀಸರು ಹಿಡಿಯುತ್ತಾರೆ, ಹಿಡಿಯಲೂ ಬೇಕು.

ತಂದೆಯವರು ಅದನ್ನು ಕೊಂಡದ್ದು 1981ರಲ್ಲಿ. ಬಜಾಜಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಸರದಿ ಕಾಯಬೇಕಿದ್ದ ಕಾಲ. ನಾವಾಗ ಕಾಚಿಗೂಡದಲ್ಲಿದ್ದೆವು, ಅಲ್ಲಿ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಎಲ್ಲ ನಡೆದು ಹೋಗುವಷ್ಟು ಹತ್ತಿರ. 1983ರ ಬೇಸಿಗೆಯಲ್ಲಿ ಬೀದರಿನಿಂದ ಟೆಲಿಗ್ರಾಮು ಬಂತು. ನನ್ನ ಅಜ್ಜಿಗೆ ಹುಷಾರಿಲ್ಲ. ಬಸ್ಸಿಗೆ ಕಾಯದೆ ತಂದೆ ನನ್ನನ್ನು ಹಿಂದೆ ಕೂರಿಸಿಕೊಂಡು ಪುಷ್ಪಕ್ ತೆಗೆದರು. ಸುಮಾರು 140 ಕಿ.ಮೀ. ದಾರಿ. ಪಟಾನ್‌ಚೆರು ದಾಟಿ ಸದಾಶಿವಪೇಟೆಯ ಮುಂದೆ, ಬಟ್ಟಬಯಲಿನಲ್ಲಿ, ಹಿಂದಿನ ಚಕ್ರ ಫಕ್ಕನೆ ಹಿಡಿದುಕೊಂಡಿತು. ತಂದೆ ಎಡಗೈಯ ಕ್ಲಚ್ಚು ಒತ್ತಿದ್ದರಿಂದ ಬೀಳದೆ ಉಳಿದೆವು.

ತಪ್ಪು ಗಾಡಿಯದಲ್ಲ, ನಮ್ಮದು. ಅವು ಟೂ ಸ್ಟ್ರೋಕ್ ಇಂಜಿನ್ನುಗಳು. ನಿಮ್ಮ ಈಗಿನ ಗಾಡಿಗಳಲ್ಲಿ ಎಣ್ಣೆಗೆ ಬೇರೆ ಮನೆಯಿದೆ, ಅವುಗಳಲ್ಲಿ ಇರಲಿಲ್ಲ. ಪೆಟ್ರೋಲಿಗೇ ಅಳತೆ ಪ್ರಕಾರ ಎಣ್ಣೆ ಬೆರೆಸಬೇಕು. ಆ ಮಿಶ್ರಣವೇ ಒಳಗೆ ಹೋಗುವ ದಾರಿಯಲ್ಲಿ ಪಿಸ್ಟನ್ನನ್ನು ನೆನೆಸಿ ಮುಂದೆ ಉರಿಯುತ್ತದೆ. ಗಾಬರಿಯಲ್ಲಿ ತಂದೆ ಬರಿಯ ಪೆಟ್ರೋಲು ತುಂಬಿಸಿಕೊಂಡು ಬಂದಿದ್ದರು. ಒಣಗಿದ ಪಿಸ್ಟನ್ನು ಕಾದು ಉಬ್ಬಿ ಸಿಲಿಂಡರಿಗೆ ಕಚ್ಚಿಕೊಂಡಿತು. ಅವರು ಬೈಯಲಿಲ್ಲ, ಕೈ ಹಿಸುಕಿಕೊಳ್ಳಲಿಲ್ಲ. ಬೇವಿನ ಮರದ ಕೆಳಗೆ ಅರ್ಧ ಗಂಟೆ ಕೂತೆವು. ಗಾಡಿ ತಣ್ಣಗಾದ ಮೇಲೆ ಡಿಕ್ಕಿಯಲ್ಲಿದ್ದ ಸೀಸೆಯಿಂದ ಟ್ಯಾಂಕಿಗೆ ಎಣ್ಣೆ ಸುರಿದು, ಪ್ಲಗ್ಗು ಬಿಚ್ಚಿ ಆ ತೂತಿಗೂ ನಾಲ್ಕು ಹನಿ ಬಿಟ್ಟು, ಮೆಲ್ಲಗೆ ಕಿಕ್ಕು ಒತ್ತಿದರು. ಐದಾರನೆಯ ಕಿಕ್ಕಿಗೆ ಬಿಟ್ಟುಕೊಂಡಿತು. ಜಹೀರಾಬಾದಿನಲ್ಲಿ ಚಹಾ ಕುಡಿಯುವಾಗ ಅಂಗಡಿಯವರು ಕನ್ನಡದಲ್ಲಿ "ಎಲ್ಲಿಂದ ಬಂದ್ರಿ?" ಎಂದರು. 1956ಕ್ಕೆ ಮುಂಚೆ ಆ ತಾಲೂಕು ಬೀದರ ಜಿಲ್ಲೆಯದೇ ಆಗಿತ್ತು. ಬೀದರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಜ್ಜಿ ನಮ್ಮನ್ನು ಗುರುತು ಹಿಡಿದರು, ಮಾತಾಡಿದರು. ಮೂರನೆಯ ದಿನ ಹೋಗಿಬಿಟ್ಟರು.

ಆಮೇಲೆ ತಂದೆಯವರಿಗೆ ಆ ಗಾಡಿ ಬರಿಯ ಗಾಡಿಯಾಗಿ ಉಳಿಯಲಿಲ್ಲ. ಒಂದು ಸ್ಕ್ರೂ ಬದಲಿಸಲೂ ಬಿಡುತ್ತಿರಲಿಲ್ಲ. ಸೀಟು ಹರಿದರೆ ಅದೇ ಬಣ್ಣದ ರೆಕ್ಸಿನ್ನೇ ಬೇಕು. ಅವರು ತೀರಿಕೊಂಡ ಮೇಲೆ ನಾನೂ ಅದೇ ವ್ರತ ಹಿಡಿದೆ. ಗಾಡಿ ಓಡುವುದನ್ನು ನಿಲ್ಲಿಸಿತು, ನಾನು ಬೆಡ್‌ಶೀಟು ಹೊದಿಸಿದೆ.

ಲಖನೌದಲ್ಲಿಯೂ ಆದದ್ದು ಹೆಚ್ಚುಕಡಿಮೆ ಇದೇ. ಮಿಲಾನಿನಿಂದ ಬಂದ ಅಚ್ಚಿನಲ್ಲೇ ಗಾಡಿಗಳು ಬರುತ್ತಲೇ ಇದ್ದವು. ಅಷ್ಟರಲ್ಲಿ ಹೊರಗೆ ಲೋಕ ಬದಲಾಗಿತ್ತು. 1980ರ ದಶಕದಲ್ಲೇ ಗೇರಿಲ್ಲದ ಕೈನೆಟಿಕ್ ಹೋಂಡಾ ಬಂತು. ಅದರೊಳಗಿನ ಉಪಾಯ ಸರಳ: ಇಂಜಿನ್ನು ಜೋರಾಗಿ ತಿರುಗಿದಂತೆ ರಾಟೆಯೊಳಗಿನ ಗುಂಡುಗಳು ಹೊರಕ್ಕೆ ಸರಿದು ರಾಟೆಯ ಎರಡು ತಟ್ಟೆಗಳನ್ನು ಹತ್ತಿರಕ್ಕೆ ಒತ್ತುತ್ತವೆ, ನಡುವಿನ ಬೆಲ್ಟು ಮೇಲೇರುತ್ತದೆ, ಗೇರು ತಾನಾಗಿ ಬದಲಾದಂತೆ. ನಿಮ್ಮೆಲ್ಲರ ಪೆಟ್ರೋಲ್ ಸ್ಕೂಟರುಗಳೂ ಇದೇ ಜಾತಿಯವು. ಹೊಗೆಯ ಮೇಲಿನ ಕಾನೂನುಗಳೂ ಬಿಗಿಯಾದವು, ಟೂ ಸ್ಟ್ರೋಕಿಗೆ ಉಸಿರು ಕಟ್ಟಿತು. 1997ರಲ್ಲಿ ಲಖನೌದ ಸ್ಕೂಟರು ತಯಾರಿಕೆ ನಿಂತಿತು. ಮೂರು ಚಕ್ರದ ಗಾಡಿಗಳು ಮುಂದುವರಿದರೂ 2021ರಲ್ಲಿ ಸರ್ಕಾರ ಕಂಪೆನಿಯನ್ನೇ ಮುಚ್ಚಲು ತೀರ್ಮಾನಿಸಿತು. ಅದೇ ಹೊತ್ತಿನಲ್ಲಿ ಹಳೆಯ ಎದುರಾಳಿ ಪಿಯಾಜಿಯೊ 2004ರಲ್ಲಿ ಎಪ್ರಿಲಿಯಾವನ್ನು ಕೊಂಡು, 2016ರಲ್ಲಿ ಹದಿನಾಲ್ಕು ಇಂಚಿನ ಚಕ್ರದ ಎಸ್.ಆರ್. 150 ಗಾಡಿಯನ್ನು ಭಾರತಕ್ಕೆಂದೇ ರೂಪಿಸಿ ಬಿಟ್ಟಿತು. ನಮ್ಮ ಸೆಲ್ಲಾರಿನಲ್ಲಿ ಮಗಳ ಗಾಡಿ, ಅಜ್ಜನ ಗಾಡಿ ಎರಡೂ ಅಕ್ಕಪಕ್ಕ. ಎಪ್ಪತ್ತೈದು ವರ್ಷದ ಹಿಂದಿನ ದಾಯಾದಿಗಳ ಮೊಮ್ಮಕ್ಕಳು ಒಂದೇ ಸೂರಿನ ಕೆಳಗೆ.

ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳುವ ಗಾದೆ ನೀವು ಕೇಳಿರಬಹುದು. ಮರ್ರಿಚೆಟ್ಟಿನ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಆ ಗಾದೆ ನೆನಪಾಗುತ್ತದೆ. ನಾನು ನೇಣು ಹಾಕಿದ್ದು ಸ್ಕೂಟರಿಗೆ ಮಾತ್ರವಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಅದನ್ನೂ ಹೇಳಿಬಿಡುತ್ತೇನೆ. ಮಗಳಿಗೆ ಎಂಟು ವರ್ಷವಿದ್ದಾಗ ಮನೆಗೆ ನೆಂಟರು ಬಂದಿದ್ದರು. ಅವಳು ಉತ್ಸಾಹದಿಂದ "ನಾನು ಸ್ಕೂಲಿಗೆ ಹೋದಳು" ಎಂದಳು. ನೆಂಟರು ನಕ್ಕರು. ನಾನು ಎಲ್ಲರೆದುರು "ಹೋದಳು ಅಲ್ಲ, ಹೋದೆ. ಮತ್ತೆ ಹೇಳು" ಎಂದು ಮೂರು ಸಲ ಹೇಳಿಸಿದೆ. ಹೀಗೆ ಎಷ್ಟು ಸಲವೋ. ಶುದ್ಧ ಕನ್ನಡ ಉಳಿಸುತ್ತಿದ್ದೇನೆಂದು ನನ್ನ ಭಾವನೆ. ಹತ್ತು ವರ್ಷದವಳಾಗುವ ಹೊತ್ತಿಗೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಇಂಗ್ಲಿಷಿನಲ್ಲಿ ಉತ್ತರ ಹೇಳತೊಡಗಿದ್ದಳು. ತಾಯಿಯೊಡನೆ ತೆಲುಗು ಬೆರೆತ ಹಿಂದಿ. ಬೀದರಿನಲ್ಲಿ ತಮ್ಮನ ಮನೆಯಲ್ಲಿರುವ ನನ್ನ ತಾಯಿ ಫೋನು ಮಾಡಿದರೆ "ಹಾಂ ಅಜ್ಜಿ, ಹಾಂ ಅಜ್ಜಿ" ಎಂದು ಎರಡು ನಿಮಿಷದಲ್ಲಿ ಫೋನು ನನ್ನ ಕೈಗೆ. ತಪ್ಪು ಮಾತಾಡುವುದಕ್ಕಿಂತ ಸುಮ್ಮನಿರುವುದು ಮೇಲೆಂದು ಆ ಮಗು ಕಲಿತದ್ದು ನನ್ನಿಂದಲೇ.

ಇರಲಿ, ಸೆಲ್ಲಾರಿಗೆ ಮರಳೋಣ. ಮಾರನೆಯ ದಿನ ಗುಜರಿಯವನು ಬಂದಾಗ ಮಗಳು ಅವನನ್ನು ಕಳುಹಿಸಿಬಿಟ್ಟಳು. ನಾರ್ಸಿಂಗಿ ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್ಕನ್ನು ಹುಡುಕಿ ತಂದಳು. ಪಿಸ್ಟನ್ನು ತುಕ್ಕಿನಿಂದ ಹಿಡಿದುಕೊಂಡಿತ್ತು. ಪ್ಲಗ್ಗಿನ ತೂತಿನಿಂದ ಡೀಸೆಲ್ಲು ಬಿಟ್ಟು ಒಂದು ವಾರ ನೆನೆಸಿದರು. ಗೇರಿಗೆ ಹಾಕಿ ದಿನಾ ಹಿಂದೆ ಮುಂದೆ ಅಲುಗಿಸಿದರು. ಎಂಟನೆಯ ದಿನ ಸರಿಯಿತು. ಕಾರ್ಬುರೇಟರಿನೊಳಗೆ ಹಳೆಯ ಪೆಟ್ರೋಲು ಅಂಟಾಗಿತ್ತು. ಹೊಗೆ ಹೊರಡುವ ದಾರಿಯಲ್ಲಿ ಮಸಿ ಗಟ್ಟಿಯಾಗಿ ಕಿರುಬೆರಳೂ ತೂರದಂತಿತ್ತು. ಪಿಸ್ಟನ್ ರಿಂಗು ಹೊಸದು ಬೇಕಾಯಿತು. ಲ್ಯಾಂಬ್ರೆಟ್ಟಾ ಅಭಿಮಾನಿಗಳು ಯುರೋಪಿನಲ್ಲಿ ಈಗಲೂ ಇರುವುದರಿಂದ ಬಿಡಿಭಾಗಗಳು ಸಿಗುತ್ತವೆ. ಅವುಗಳಲ್ಲಿ ಎಷ್ಟೋ ತಯಾರಾಗುವುದು ನಮ್ಮ ದೇಶದಲ್ಲೇ ಎಂಬುದು ಇನ್ನೊಂದು ವಿನೋದ.

ಜಗಳವಾದದ್ದು ಪಾಯಿಂಟ್ಸ್ ವಿಷಯದಲ್ಲಿ. ಹಳೆಯ ಗಾಡಿಗಳಲ್ಲಿ ಕಿಡಿ ಹಾರಿಸಲು ಎರಡು ಪುಟ್ಟ ಲೋಹದ ತುದಿಗಳು ಕೂಡಿ ಬಿಡುತ್ತಿರುತ್ತವೆ; ಸವೆಯುತ್ತವೆ, ಆಗಾಗ ಉಜ್ಜಬೇಕು. ಮಗಳು ಅದನ್ನು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡಿಸೋಣ ಎಂದಳು. ನನಗೆ ಎದೆ ಧಸಕ್ಕೆಂದಿತು. "ಅಲ್ಲವ್ವಾ, ಅಜ್ಜನ ಗಾಡಿ ಅಜ್ಜನ ಗಾಡಿಯಂಗೇ ಇರಬೇಕು" ಎಂದೆ.

ಅವಳು ಕೈಯ ಗ್ರೀಸು ಒರೆಸುತ್ತ ನಿಧಾನವಾಗಿ, ಪದ ಹುಡುಕುತ್ತ ಹೇಳಿದಳು: "ಅಪ್ಪಾ, ನೀವೇ ಹೇಳಿದಿರಿ. ಅವರು ಎಲ್ಲ ಚೇಂಜ್ ಮಾಡಿದರು. ಬೋನ್ ಮಾತ್ರ ಇಟ್ಟರು. ಅವರು ಮೊದಲಿನ ಹಾಗೇ ಇಟ್ಟಿದ್ದರೆ ಅಜ್ಜನಿಗೆ ಈ ಗಾಡಿ ಬರ್ತಾನೇ ಇರಲಿಲ್ಲ. ನಾನು ಬೋನ್ ಮುಟ್ಟೋದಿಲ್ಲ."

ಬೋನ್ ಅಲ್ಲ, ಬೆನ್ನುಮೂಳೆ ಎಂದು ತಿದ್ದಲು ಬಾಯಿ ತೆರೆದೆ. ಮುಚ್ಚಿಕೊಂಡೆ. ನನ್ನ ಜೀವನದಲ್ಲಿ ನಾನು ಆಡದೆ ಬಿಟ್ಟ ಮಾತುಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿಲ್ಲ.

ಅದೇ ಸಂಜೆ ಬೀದರಿನಿಂದ ಫೋನು ಬಂತು. ನನ್ನ ಎರಡೂ ಕೈ ಮಸಿ, ಅವಳೇ ಎತ್ತಿಕೊಂಡಳು. ತಾಯಿಗೆ ಸ್ಕೂಟರಿನ ಸುದ್ದಿ ಹೇಗೋ ಮುಟ್ಟಿತ್ತು. "ಏನಾಗ್ಯದವ್ವಾ ಗಾಡಿಗಿ?" ಎಂದು ಅವರು ಕೇಳಿದ್ದು ನನಗೂ ಕೇಳಿಸಿತು. ಸೈಲೆನ್ಸರಿನ ದಾರಿಯಲ್ಲಿ ಮಸಿ ಕಟ್ಟಿದೆ ಎಂಬುದನ್ನು ಅವಳು ಯಾವ ಭಾಷೆಯಲ್ಲಿ ಹೇಳುತ್ತಾಳೋ ಎಂದು ನೋಡುತ್ತ ನಿಂತೆ. ಅವಳು ಒಂದು ಕ್ಷಣ ಯೋಚಿಸಿ, "ಅಜ್ಜಿ, ಅದರ ಗಂಟಲು ಕಟ್ಟಿದೆ" ಎಂದಳು. ಆ ಕಡೆಯಿಂದ ನಗು, ಮತ್ತೆ "ಹಂಗಾರ ಕಷಾಯ ಕುಡಸವ್ವಾ!" ಎಂಬ ಮಾತು. ಅವಳೂ ನಕ್ಕಳು. ಆ ದಿನ ಇಪ್ಪತ್ತು ನಿಮಿಷ ಮಾತಾಡಿದರು. ನಡುವೆ ಎಷ್ಟು ತಪ್ಪು ಬಂದವೋ ನಾನು ಲೆಕ್ಕವಿಡಲಿಲ್ಲ. ಯಾವ ಪುಸ್ತಕದಲ್ಲೂ ಇಲ್ಲದ, ಆದರೆ ಯಾವ ಕನ್ನಡಿಗನಿಗೂ ಥಟ್ಟನೆ ಅರ್ಥವಾಗುವ ಆ ಮಾತನ್ನು ನನ್ನ ಮಗಳು ತಾನೇ ಕಟ್ಟಿದ್ದಳು.

ನೋಟೀಸಿನ ಗಡುವಿಗೆ ಎರಡು ದಿನ ಮುಂಚೆ ಪುಷ್ಪಕ್ ಎಚ್ಚೆತ್ತಿತು. ಎಷ್ಟನೆಯ ಕಿಕ್ಕೋ ತಿಳಿಯದು. ಸೆಲ್ಲಾರು ತುಂಬ ಬಿಳಿಯ ಹೊಗೆ ಎದ್ದು ವಾಚ್‌ಮನ್ ಬಕೆಟು ನೀರು ಹಿಡಿದು ಓಡಿಬಂದ. ಇಪ್ಪತ್ತು ವರ್ಷಕ್ಕೂ ಮೇಲೆ ಕೇಳದ ಆ ಪಟಪಟ ಶಬ್ದ ಕೇಳಿ ನನಗೆ ಸದಾಶಿವಪೇಟೆಯ ಬೇವಿನ ಮರ ಕಣ್ಣ ಮುಂದೆ ಬಂತು. ನೋಂದಣಿ ಕಾಗದಗಳನ್ನು ಹೊಸದು ಮಾಡಿಸುವವರೆಗೆ ಅದು ಗೇಟು ದಾಟುವಂತಿಲ್ಲ. ಕಚೇರಿಗೆ ಅರ್ಜಿ ಹಾಕಿದ್ದೇವೆ, ಏನಾಗುತ್ತದೋ ನೋಡಬೇಕು. ಸದ್ಯಕ್ಕೆ ಕಾಂಪೌಂಡಿನೊಳಗೇ ಒಂದು ಸುತ್ತು. ಎಡಗೈಯಲ್ಲಿ ಗೇರು ಹಾಕುವುದನ್ನು ನಾನು ಅವಳಿಗೆ ಕಲಿಸಿದೆ. ಮೂರು ಸಲ ನಿಲ್ಲಿಸಿದಳು, ನಾನು ನಗಲಿಲ್ಲ.

ಯುವಮಿತ್ರರೆ, ನೀವು ಮಣಿಕೊಂಡಕ್ಕೆ ಬಂದರೆ ಹುಸೇನ್ ಶಾ ವಲಿಯವರ ದರ್ಗಾ ನೋಡಿ, ಖಾಜಾಗೂಡದ ಬಂಡೆ ಹತ್ತಿ, ನೆಕ್ನಾಂಪುರದ ಕೆರೆಯ ಬಳಿ ಸಂಜೆ ಕಳೆಯಿರಿ. ಆಮೇಲೆ ನಿಮ್ಮ ಮನೆಗೆ ಹೋಗಿ, ಅಲ್ಲಿಯೂ ಒಂದು ಬೆಡ್‌ಶೀಟಿನ ಕೆಳಗೆ ಏನಾದರೂ ನಿಂತಿರುತ್ತದೆ: ಅಜ್ಜನ ಗಡಿಯಾರವೋ, ಅಜ್ಜಿಯ ಹಾಡಿನ ವಹಿಯೋ, ಅಪ್ಪ ಅಮ್ಮನ ಭಾಷೆಯೋ. ಹಿರಿಯರು ಮುಟ್ಟಬೇಡ ಎಂದಾರು. ನಾವು ಹಾಗೆಯೇ, ಸ್ವಲ್ಪ ಕ್ಷಮಿಸಿ. ನೀವು ಮುಟ್ಟಿ, ಬಿಚ್ಚಿ, ಕೈ ಮಸಿ ಮಾಡಿಕೊಳ್ಳಿ, ತಪ್ಪು ಜೋಡಿಸಿ ಮತ್ತೆ ಬಿಚ್ಚಿ. ಬೆನ್ನುಮೂಳೆ ಯಾವುದು, ಅಂಗಿ ಯಾವುದು ಎಂಬುದು ಬಿಚ್ಚಿದವರಿಗೆ ಮಾತ್ರ ತಿಳಿಯುತ್ತದೆ.

ಹಾಂ, ಬರುವಾಗ ಫೋನು ಮಾಡಿ. ಸೆಲ್ಲಾರಿನಲ್ಲೇ ಸಿಗುತ್ತೇವೆ, ನಾನೂ ನನ್ನ ಮಗಳೂ. ಹಾರನ್ನು ಇನ್ನೂ ಹೊಡೆಯುತ್ತಿಲ್ಲ. "ಅದಕ್ಕೆ ಇನ್ನೂ ಗಂಟಲು ಬಂದಿಲ್ಲ" ಎನ್ನುತ್ತಾಳೆ ಅವಳು.